ಇಲ್ಲೇ ಇರೋದಾ, ಘಟ್ಟ ಹತ್ತೋದಾ? ನಿವೃತ್ತರು ಮನೆ ಬದಲಿಸುವ ಮೊದಲು ಮಾಡಬೇಕಾದ್ದು

ಏಪ್ರಿಲ್ ಬಂತೆಂದರೆ ಕಾರವಾರದ ನಮ್ಮ ಬೀದಿಯ ಹಿರಿಯರ ಬಾಯಲ್ಲಿ ಒಂದೇ ಮಾತು. "ಸಾಕಾಯ್ತು ಈ ಸೆಕೆ. ಮನೆ ಮಾರಿ ಘಟ್ಟದ ಮೇಲೆ ಶಿರಸಿಗೆ ಹೋಗಿಬಿಡೋಣ." ಬೆಳಿಗ್ಗೆ 7 ಗಂಟೆಗೇ ಬೆನ್ನು ಒದ್ದೆ. ಸ್ನಾನ ಮಾಡಿ ಬಂದರೆ ಮೈಮೇಲಿರುವುದು ನೀರೋ ಬೆವರೋ ಗೊತ್ತಾಗುವುದಿಲ್ಲ. ಕರೆಂಟ್ ಹೋದರೆ ರಾತ್ರಿಯಿಡೀ ಜಗುಲಿಯೇ ಗತಿ. ಜೂನ್ ಬಂದ ಮೇಲೆ ಸೆಕೆ ಮರೆತು ಗುಡ್ಡ, ಹೊಳೆ, ಗಾಳಿಯ ಭಯ ಶುರುವಾಗುತ್ತದೆ.

ನಾನೂ ನಮ್ಮ ಯಜಮಾನರೂ ಈ ಪ್ರಶ್ನೆಯನ್ನು ಎರಡು ವರ್ಷ ತಲೆಯಲ್ಲಿ ಹೊತ್ತು ತಿರುಗಿದವರು. ಒಂದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಆಮೇಲೆ ವಾಪಸ್ ಬಂದೆವು. ನಮಗೆ ಗೊತ್ತಿರುವ ಇನ್ನೊಂದು ದಂಪತಿ ಹೋದವರು ಅಲ್ಲೇ ಸುಖವಾಗಿದ್ದಾರೆ. ಹಾಗಾಗಿ ಹೋಗಿ ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ನಾವು ಕಲಿತದ್ದು ಇಷ್ಟು: ಊರು ಊರು ಹೋಲಿಸುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ನಿಮ್ಮದೇ ಮನೆ, ಅಲ್ಲಿಂದ ಆಸ್ಪತ್ರೆಗೆ ಹೋಗುವ ದಾರಿ, ಪಕ್ಕದ ಜನ, ಈ ಮೂರನ್ನು ಒಂದೊಂದಾಗಿ ನೋಡಬೇಕು.

ಹೆಜ್ಜೆ 1: ಒಂದು ವರ್ಷದ ನೋಟ್‌ಬುಕ್

ಸುಮ್ನೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಎರಡು ಸಾಲು ಸಾಕು. ರಾತ್ರಿ ನಿದ್ದೆ ಬಂತಾ, ಕರೆಂಟ್ ಎಷ್ಟು ಹೊತ್ತು ಇರಲಿಲ್ಲ, ಬಿ.ಪಿ. ಎಷ್ಟಿತ್ತು, ಯಾವ ರಸ್ತೆ ಬಂದ್ ಆಗಿತ್ತು, ಯಾರು ಮನೆಗೆ ಬಂದು ಮಾತಾಡಿಸಿದರು. ಏಪ್ರಿಲ್‌ನ ಸಿಟ್ಟಿನಲ್ಲಿ ಮನೆ ಮಾರಬೇಡಿ. ಡಿಸೆಂಬರ್‌ನ ತಂಪಿನಲ್ಲಿ "ಇಲ್ಲೇ ಇರೋಣ" ಅಂತ ಮಾತೂ ಕೊಡಬೇಡಿ. ನಮ್ಮ ನೋಟ್‌ಬುಕ್ ತಿರುವಿ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ನಿಜವಾಗಿ ತಡೆಯಲಾಗದ ರಾತ್ರಿಗಳು ಇಡೀ ವರ್ಷದಲ್ಲಿ ಸುಮಾರು 40 ಇದ್ದವು. ಅಷ್ಟಕ್ಕಾಗಿ ಮೂವತ್ತು ವರ್ಷದ ಮನೆ ಬಿಡಬೇಕಾ ಅನ್ನುವ ಪ್ರಶ್ನೆ ಆಗ ಹುಟ್ಟಿತು.

ಹೆಜ್ಜೆ 2: ಮನೆಯ ಸುತ್ತ ಒಮ್ಮೆ ನಡೆಯಿರಿ

ಇದನ್ನು ಮೇ ತಿಂಗಳ ಮೊದಲ ವಾರದಲ್ಲಿ ಮಾಡಿ. ಮಗನೋ ಪಕ್ಕದ ಮನೆಯ ಹುಡುಗನೋ ಜೊತೆಗಿರಲಿ.

ಮೊದಲು ಮನೆಯ ಹಿಂದೆ ಏನಿದೆ ನೋಡಿ. ನಮ್ಮ ಕಡೆ ಗುಡ್ಡ ಕಡಿದು, ಮಣ್ಣು ತೆಗೆದು, ಗೋಡೆಯ ಹಾಗೆ ನೇರ ನಿಲ್ಲಿಸಿ, ಅದರ ಬುಡದಲ್ಲಿ ಮನೆ ಕಟ್ಟಿದವರು ಬಹಳ. ಚಿರೆಕಲ್ಲಿನ ಗುಡ್ಡ ಒಣಗಿದ್ದಾಗ ಬಂಡೆಯ ಹಾಗೆ ಕಾಣುತ್ತದೆ. ವಾರಗಟ್ಟಲೆ ನೀರು ಕುಡಿದ ಮೇಲೆ ಅದರ ಭಾರವೇ ಬೇರೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಿದ್ದದ್ದು ನಮ್ಮ ವಯಸ್ಸಿನ ಯಾರೂ ಮರೆತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂತು. ಮಣ್ಣು ಪಕ್ಕದ ಗಂಗಾವಳಿ ನದಿಗೂ ಬಿತ್ತು. ಹಾಗಾಗಿ ಇವನ್ನು ಹುಡುಕಿ: ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಉಬ್ಬಿದ ಪಾಗಾರ, ಮೊದಲು ಸಲೀಸಾಗಿ ಮುಚ್ಚುತ್ತಿದ್ದು ಈಗ ಸಿಕ್ಕಿಕೊಳ್ಳುವ ಬಾಗಿಲು, ಗುಡ್ಡದ ಬುಡದಲ್ಲಿ ಇದ್ದಕ್ಕಿದ್ದಂತೆ ಒಸರುವ ಕೆಸರುನೀರು. ಇವುಗಳಲ್ಲಿ ಒಂದು ಕಂಡರೂ ಆ ಮಳೆಗಾಲದಲ್ಲಿ ಆ ಮನೆಯಲ್ಲಿ ಮಲಗಬೇಡಿ. ಪಂಚಾಯತಿಗೆ, ತಹಶೀಲ್ದಾರ್ ಕಚೇರಿಗೆ ಬರೆದು ಕೊಡಿ. ಈ ಒಂದು ವಿಷಯದಲ್ಲಿ ನಾನು ಎರಡನೇ ಮಾತು ಆಡುವುದಿಲ್ಲ. ಸೆಕೆಗೆ ಮದ್ದುಂಟು, ಜಾರುವ ಗುಡ್ಡಕ್ಕೆ ಇಲ್ಲ. ಅಂಥ ಮನೆ ಬಿಡುವುದೇ ಸರಿ.

ಆಮೇಲೆ ಹೊಳೆ. ಕಾಳಿ ನದಿಗೆ ಕದ್ರಾ ಅಣೆಕಟ್ಟು, ಶರಾವತಿಗೆ ಗೇರುಸೊಪ್ಪ ಅಣೆಕಟ್ಟು ಇದೆ. ಅಲ್ಲಿ ಗೇಟ್ ತೆರೆಯುವ ಮುನ್ನ ಎಚ್ಚರಿಕೆ ಬರುತ್ತದೆ. ಹಾಗಿದ್ದೂ 2019ರಲ್ಲಿ, 2021ರಲ್ಲಿ ಕದ್ರಾದ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಗಂಗಾವಳಿ ಮತ್ತು ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಸುರಿದದ್ದು ತಡೆಯಿಲ್ಲದೆ ಕೆಳಗೆ ಬರುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಉಬ್ಬರವಿದ್ದರೆ ಹೊಳೆನೀರು ಹೋಗಲು ಜಾಗವಿಲ್ಲದೆ ಗದ್ದೆಗೆ, ಅಂಗಳಕ್ಕೆ ಹತ್ತುತ್ತದೆ. ಊರಿನ ಹಳಬರನ್ನು ಕೇಳಿ, ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು ಅಂತ. ಗೋಡೆಯ ಮೇಲೆ ಆ ಮಟ್ಟಕ್ಕೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಇನ್ವರ್ಟರ್, ಫ್ರಿಜ್‌ನ ಪ್ಲಗ್, ಔಷಧಿ ಡಬ್ಬಿ, ಮನೆಪತ್ರಗಳು ಆ ಗೆರೆಗಿಂತ ಮೇಲಿರಬೇಕು.

ಹೆಜ್ಜೆ 3: ಸೆಕೆಗೆ ಮೊದಲು ಮನೆ ರಿಪೇರಿ

ಇಲ್ಲಿಯ ತೊಂದರೆ ಬಿಸಿಲಿಗಿಂತ ಜಾಸ್ತಿ ಗಾಳಿಯಲ್ಲಿರುವ ತೇವದ್ದು. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಅದಕ್ಕೇ ಹವಾಮಾನ ಇಲಾಖೆ ಬಯಲಿನಲ್ಲಿ 40 ಡಿಗ್ರಿಯ ಮೇಲೆ ಬಿಸಿಗಾಳಿಯ ಲೆಕ್ಕ ಹಾಕಿದರೆ, ಕರಾವಳಿಯಲ್ಲಿ 37 ಡಿಗ್ರಿಗೇ ಆ ಲೆಕ್ಕ ಶುರು ಮಾಡುತ್ತದೆ. ವಯಸ್ಸಾದ ಮೇಲೆ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಮೂತ್ರ ಜಾಸ್ತಿ ಮಾಡಿಸುವ ಬಿ.ಪಿ. ಮಾತ್ರೆ ತಗೊಳ್ಳುವವರು ಮಾರ್ಚ್‌ನಲ್ಲೇ ವೈದ್ಯರ ಹತ್ತಿರ ಹೋಗಿ ಬೇಸಿಗೆಯ ಪ್ರಮಾಣ ಕೇಳಿಕೊಳ್ಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ನೀರು ಕುಡಿಯಬೇಕೆಂದೂ ಕೇಳಲೇಬೇಕು.

ಮನೆಯ ಮಟ್ಟಿಗೆ ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ತಾರಸಿಗೆ ಹೊಡೆದ ಬಿಳಿ ಸುಣ್ಣ. ಸಿಮೆಂಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ನಮ್ಮ ಮೇಲೆ ಬಿಡುತ್ತದೆ. ಹಂಚಿನ ಮಾಡು ಸಂಜೆಗೇ ತಣಿಯುತ್ತದೆ. ನಮ್ಮ ಅಜ್ಜಿಯ ಮನೆ ಏಪ್ರಿಲ್‌ನಲ್ಲೂ ಯಾಕೆ ತಂಪಿತ್ತು ಅಂತ ನನಗೆ ಅರ್ಥವಾದದ್ದು ಇಷ್ಟು ತಡವಾಗಿ. ಪಡುವಣ ಕಿಟಕಿಗೆ ಹೊರಗಿನಿಂದ ಲಾವಂಚದ ಅಥವಾ ಬಿದಿರಿನ ತಟ್ಟಿ ಕಟ್ಟಿ. ಒಳಗಿನ ಪರದೆ ಬಿಸಿಲನ್ನು ಕೋಣೆಯೊಳಗೆ ಬಂದ ಮೇಲೆ ತಡೆಯುತ್ತದೆ, ಅದರಿಂದ ಪ್ರಯೋಜನ ಕಡಿಮೆ. ಮಲಗುವ ಒಂದೇ ಕೋಣೆಗೆ ಎ.ಸಿ. ಹಾಕಿಸಿ. 26 ಡಿಗ್ರಿಗೆ ಇಟ್ಟು ಫ್ಯಾನ್ ಸಣ್ಣಗೆ ತಿರುಗಿಸಿದರೆ ಸಾಕು. ತೇವ ತೆಗೆಯುವ 'ಡ್ರೈ' ಗುಂಡಿ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಹೊರಗಿನ ಯಂತ್ರವನ್ನು ಕಡಲ ಗಾಳಿ ನೇರ ಹೊಡೆಯುವ ಗೋಡೆಗೆ ಕೂರಿಸಬೇಡಿ, ಉಪ್ಪುಗಾಳಿ ಬೇಗ ತಿಂದುಹಾಕುತ್ತದೆ.

ಇನ್ಸುಲಿನ್ ತಗೊಳ್ಳುವವರು ಒಂದು ಮಣ್ಣಿನ ಮಡಕೆ ಇಟ್ಟುಕೊಳ್ಳಿ. ಕರೆಂಟ್ ದಿನಗಟ್ಟಲೆ ಹೋದಾಗ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಇಟ್ಟು, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟರೆ ತಂಪು ಉಳಿಯುತ್ತದೆ. ಊಟಕ್ಕೆ ಮುರುಗಲ ಸಾರು, ತಂಬುಳಿ, ಮಧ್ಯಾಹ್ನ ಗಂಜಿ. ನಮ್ಮವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಆದರೆ ಯಾರಾದರೂ ಬಿಸಿಲಿನಿಂದ ಬಂದು ತಲೆಸುತ್ತು ಅಂದರೆ, ಮಾತು ತಪ್ಪಿದರೆ, ಮೈ ಸುಡುತ್ತಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಒದ್ದೆ ಬಟ್ಟೆ ಹೊದಿಸಿ, ಗಾಳಿ ಹಾಕಿ, 108ಕ್ಕೆ ಕರೆ ಮಾಡಿ.

ಹೆಜ್ಜೆ 4: ಗಾಳಿಗೆ ಸಿದ್ಧತೆ

ಅರಬ್ಬಿ ಸಮುದ್ರದ ಚಂಡಮಾರುತಗಳಿಗೆ ಎರಡು ಹೊತ್ತು: ಮಳೆಗಾಲಕ್ಕೆ ಮೊದಲು ಮೇ-ಜೂನ್, ಮಳೆಗಾಲದ ನಂತರ ಅಕ್ಟೋಬರ್‌ನಿಂದ ಡಿಸೆಂಬರ್. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡಕ್ಕೆ ಬಡಿಯದೆ ಗುಜರಾತಿಗೆ ಹೋಗಿ ಬಡಿಯಿತು. ಆದರೂ ದಾರಿಯಲ್ಲಿ ನಮ್ಮ ಕಂಬ, ಮರ, ದೋಣಿಗಳನ್ನು ಬಿಡಲಿಲ್ಲ.

ತಾರಸಿ ಮೇಲೆ ತಗಡಿನ ಶೀಟ್ ಹಾಕಿಸಿದವರು ಅದರ ಬೋಲ್ಟ್‌ಗಳನ್ನು ಪ್ರತಿ ಮೇ ತಿಂಗಳಲ್ಲಿ ಬಿಗಿ ಮಾಡಿಸಿ. ಹಾರಿದ ಶೀಟ್ ಪಕ್ಕದ ಮನೆಯವರ ಜೀವಕ್ಕೆ ಅಪಾಯ. ಮನೆ ಮೇಲೆ ಬಾಗಿದ ತೆಂಗಿನ ಮರದ ಒಣ ಹೆಡೆ, ಕಾಯಿ ಇಳಿಸಿ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಯಲ್ಲಿ ಕೆಂಪು ಬಂದರೆ ಒಂದು ದಿನದಲ್ಲಿ 204 ಮಿ.ಮೀ.ಗಿಂತ ಜಾಸ್ತಿ ಮಳೆಯಾಗಬಹುದು ಅಂತ ಅರ್ಥ. ಆ ದಿನ ಘಟ್ಟ ಹತ್ತುವ, ಇಳಿಯುವ ಕೆಲಸ ಇಟ್ಟುಕೊಳ್ಳಬೇಡಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077.

ಹೆಜ್ಜೆ 5: ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ, ಮಳೆಯಲ್ಲಿ

ನನ್ನ ಪ್ರಕಾರ ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆ. ದೊಡ್ಡ ಹೃದಯದ ಚಿಕಿತ್ಸೆಗೆ, ಮೆದುಳಿನ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಇಲ್ಲವೇ ಗೋವಾದ ಬಾಂಬೋಳಿಗೆ ಓಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದಾರೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮೊದಲ ಚಿಕಿತ್ಸೆಗೆ ಅದು ದೊಡ್ಡ ಧೈರ್ಯ.

ಮಾಡಬೇಕಾದ್ದು ಹೀಗೆ. ಜುಲೈ ತಿಂಗಳ ಒಂದು ದಿನ, ಮಳೆ ಹೊಯ್ಯುತ್ತಿರುವಾಗ, ನಿಮಗೆ ಬೇಕಾಗಬಹುದಾದ ಆಸ್ಪತ್ರೆಗೆ ಕಾರಿನಲ್ಲಿ ಹೋಗಿ ಬನ್ನಿ. ಮಾಮೂಲಿ ತಪಾಸಣೆಯನ್ನೇ ಆ ದಿನಕ್ಕೆ ಇಟ್ಟುಕೊಳ್ಳಿ. ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿಗೆ ಎಷ್ಟು ಗಂಟೆ ಹಿಡಿಯಿತೆಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಈ ರಸ್ತೆ ಬಂದ್ ಆದರೆ ಎರಡನೇ ದಾರಿ ಯಾವುದು? 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಒಂದೇ ಮಳೆಗಾಲದಲ್ಲಿ ಕಾರವಾರದ ದಕ್ಷಿಣದ ದಾರಿಗೂ ಉತ್ತರದ ದಾರಿಗೂ ಪೆಟ್ಟು ಬಿತ್ತು. ಶಿರಸಿಯವರಿಗೆ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ಮಳೆಯಲ್ಲಿ ನಂಬುವಂತಿಲ್ಲ, ಆದರೆ ಹುಬ್ಬಳ್ಳಿ ಕಡೆಗೆ ಘಟ್ಟವಿಲ್ಲದ ದಾರಿ ಇದೆ. ಸುಮಾರು 100 ಕಿ.ಮೀ. ಹೃದಯದ ತೊಂದರೆ ಇರುವವರಿಗೆ ಶಿರಸಿಯ ತಂಪಿಗಿಂತ ಈ ಒಂದು ದಾರಿಯೇ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ಹೆಜ್ಜೆ 6: ಬಾಡಿಗೆಗೆ ಇದ್ದು ನೋಡಿ, ಮಳೆಗಾಲ ಬಿಡದೆ

ಏಪ್ರಿಲ್‌ನಲ್ಲಿ ಶಿರಸಿ ಸ್ವರ್ಗ. ಊರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಗಲು ಅಲ್ಲಿಯೂ ಬಿಸಿಲೇ. ವ್ಯತ್ಯಾಸ ಗೊತ್ತಾಗುವುದು ರಾತ್ರಿ, ಹೊದಿಕೆ ಹೊದ್ದು ಮಲಗುವಾಗ. ಮೊದಲ ವಾರ ನಮ್ಮವರು ಎಂಟು ಗಂಟೆ ನಿದ್ದೆ ಮಾಡಿದ್ದು ನೋಡಿ ನನಗೆ ಕಣ್ಣು ತುಂಬಿತ್ತು.

ಜುಲೈ ಬಂದಾಗ ಲೆಕ್ಕ ಬದಲಾಯಿತು. ವಾರಗಟ್ಟಲೆ ಬಿಸಿಲಿಲ್ಲ. ಬಟ್ಟೆ ಒಣಗುವುದಿಲ್ಲ. ಚಪ್ಪಲಿ, ಪುಸ್ತಕ, ಗೋಡೆ ಎಲ್ಲದಕ್ಕೂ ಬೂಸ್ಟು. ಅವರಿಗೆ ಮೊದಲೇ ಇದ್ದ ಉಬ್ಬಸ ಆ ತೇವದಲ್ಲಿ ಎದ್ದು ಕೂತಿತು. ಒಂದು ರಾತ್ರಿ ಕರೆಂಟಿಲ್ಲ, ನೆಬ್ಯುಲೈಜರ್ ನಡೆಯದು. ಬಾಡಿಗೆ ಮನೆಯ ಸುತ್ತ ನಮಗೆ ಇನ್ನೂ ಯಾರ ಪರಿಚಯವೂ ಆಗಿರಲಿಲ್ಲ. ಬೆಳಗಾಗುವವರೆಗೆ ಅವರ ಬೆನ್ನು ಸವರುತ್ತಾ ಕೂತಿದ್ದೆ. ಸಂಧಿವಾತ ಇರುವವರೂ ಆ ಚಳಿಮಳೆಯನ್ನು ಒಮ್ಮೆ ಅನುಭವಿಸಿ ನೋಡಬೇಕು. ತೋಟದ ಮನೆ ಹುಡುಕುವವರಿಗೆ ಇನ್ನೊಂದು ಮಾತು: ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಭಯವಿರುತ್ತದೆ. ಉಣುಗು ಕಚ್ಚಿ ಬರುವ ರೋಗ ಅದು.

ಕಾರವಾರದಲ್ಲಿ ಬೆಳಿಗ್ಗೆ 8 ಆದರೂ ನಮ್ಮ ಬಾಗಿಲು ತೆರೆಯದಿದ್ದರೆ ಮೀನು ತರುವವಳು ಪಕ್ಕದ ಮನೆಗೆ ಕೂಗಿ ಹೇಳುತ್ತಾಳೆ. ನೀವು ಹೋಗುವ ಊರಿನಲ್ಲಿ ಹಾಗೆ ಕೇಳುವವರು ಯಾರು? ಆರು ತಿಂಗಳ ಬಾಡಿಗೆಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಬೆಂಗಳೂರಿನ ಮಕ್ಕಳ ಫ್ಲಾಟಿಗೆ ಹೋಗುವವರೂ ಇದೇ ಪ್ರಶ್ನೆ ಕೇಳಿಕೊಳ್ಳಲಿ.

ಹೆಜ್ಜೆ 7: ಕೊಳ್ಳುವುದಾದರೆ ಕಾಗದ

ಘಟ್ಟದ ಮೇಲೆ ಕಡಿಮೆ ಬೆಲೆಗೆ ಜಾಗ ಸಿಗುತ್ತಿದೆ ಅಂದರೆ ಮೊದಲು ಕೇಳಿ: ಇದು ಮಾಲ್ಕಿಯಾ (ಸ್ವಂತ ಹಕ್ಕಿನ ಜಾಗ), ಅತಿಕ್ರಮಣವಾ, ಸೊಪ್ಪಿನ ಬೆಟ್ಟವಾ? ಸೊಪ್ಪಿನ ಬೆಟ್ಟ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅದರ ಮೇಲೆ ತೋಟದವರಿಗೆ ಇರುವುದು ಬಳಸುವ ಹಕ್ಕು, ಮಾರುವ ಹಕ್ಕಲ್ಲ. ಅರಣ್ಯ ಅತಿಕ್ರಮಣದ ಜಾಗಕ್ಕೆ ಎಷ್ಟೇ ವರ್ಷದ ಮನೆ ಇದ್ದರೂ ನಿವೃತ್ತಿ ಹಣ ಹಾಕಬೇಡಿ. ಪಹಣಿ, ಕೃಷಿಯೇತರ ಪರಿವರ್ತನೆಯ ಆದೇಶ, ಪಂಚಾಯತಿಯ ನಮೂನೆ 9 ಮತ್ತು 11, ಕನಿಷ್ಠ 30 ವರ್ಷದ ಋಣಭಾರ ಪತ್ರ ನೋಡಿ. ಕೆಳಗೆ ಕಡಲ ಹತ್ತಿರ ಕೊಳ್ಳುವವರು ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಕ್ಷೆ ನೋಡಲೇಬೇಕು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ, ಉಪ್ಪುನೀರು ಏರುವ ಹೊಳೆಯ ದಡದಲ್ಲೂ ಆ ನಿಯಮ ಇದೆ.

ಪಿಂಚಣಿಗೆ ಹೆದರಬೇಡಿ. ಬದುಕಿದ್ದೇವೆ ಅಂತ ನವೆಂಬರ್‌ನಲ್ಲಿ ಕೊಡುವ ಜೀವನ್ ಪ್ರಮಾಣ ಪತ್ರ ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಆಗುತ್ತದೆ.

ಹೆಜ್ಜೆ 8: ಫ್ರಿಜ್ ಮೇಲಿನ ಚೀಟಿ

ನಾವು ಈಗ ಏಪ್ರಿಲ್ ಕೊನೆಯಿಂದ ಐದು ವಾರ ಶಿರಸಿಯ ನೆಂಟರ ಮನೆಯ ಮಹಡಿಯಲ್ಲಿರುತ್ತೇವೆ. ಮೊದಲ ಮಳೆಗೆ ಮುಂಚೆ ಇಳಿದು ಬರುತ್ತೇವೆ. ಎಲ್ಲೇ ಇದ್ದರೂ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿರುತ್ತೇವೆ. ಅದರಲ್ಲಿ ಇಬ್ಬರ ರಕ್ತದ ಗುಂಪು, ಮಾತ್ರೆಗಳ ಹೆಸರು ಮತ್ತು ಹೊತ್ತು, 108, 112, 1077, ಹಿರಿಯರ ಸಹಾಯವಾಣಿ 14567, ಮಕ್ಕಳ ನಂಬರ್. ಕಾರು ಓಡಿಸಬಲ್ಲ ಪಕ್ಕದ ಮನೆಯ ಇಬ್ಬರ ಹೆಸರು. ಕೊನೆಯ ಸಾಲಿನಲ್ಲಿ, ನಮ್ಮ ಮನೆಯ ಎರಡನೇ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು.