ಸಾಂಬ್ರಾಣಿ ಜಾಸ್ತಿಯಾದ್ರೆ ಬತ್ತಿ ಆರೋಗುತ್ತೆ: ಮನೇಲೇ ಧೂಪ ಮಾಡ್ಕೊಳ್ಳೋದು ಹೇಗೆ?

ನಮ್ಮ ತುಮಕೂರು ಕಡೆ ಊದುಬತ್ತಿ ಹೊಸೆಯೋ ಹೆಂಗಸರಿಗೆ ಕೊಡೋದು ಬರೀ ಇದ್ದಿಲು, ಜಿಗಟು (ಬತ್ತಿ ಅಂಟಿ ನಿಲ್ಲೋಕೆ ಬೆರೆಸೋ ಮರದ ತೊಗಟೆ ಪುಡಿ) ಕಲಸಿದ ಕಪ್ಪು ಹಿಟ್ಟು, ವಾಸನೆ ಅನ್ನೋದು ಆಮೇಲೆ ಸೆಂಟಲ್ಲಿ ಅದ್ದಿದಾಗ ಬರೋದು. ಮರದ ಅಂಟಿನ ವಾಸನೇನೇ ಬೇಕು ಅಂದ್ರೆ ನಾವೇ ಮಾಡ್ಕೋಬೇಕು.

ಮೊದಲು ಅಂಟು. ಗ್ರಂಧಿಗೆ ಅಂಗಡೀಲಿ ಸುಮ್ನೆ ಸಾಂಬ್ರಾಣಿ ಅಂದ್ರೆ ಹಚ್ಚೋಕೆ ರೆಡಿ ಇರೋ ಕಂಪ್ಯೂಟರ್ ಸಾಂಬ್ರಾಣಿ ಡಬ್ಬ ಕೊಟ್ಟು ಕಳಿಸ್ತಾರೆ, ಗಟ್ಟಿ ಸಾಂಬ್ರಾಣಿ ಅಂತ ಕೇಳಿ. ಇದು ಸುಮಾತ್ರಾ ಕಡೆ ಮರದ್ದು, ವೆನಿಲಿನ್ ಇರೋದ್ರಿಂದ ಐಸ್‌ಕ್ರೀಮ್ ಥರ ಸಿಹಿ ವಾಸನೆ. ಒಂದು ಚೂರು ಕೆಂಡಕ್ಕೆ ಹಾಕಿ ನೋಡಿ, ಟರ್ಪೆಂಟೈನ್ ಘಾಟು ಹೊಡೆದ್ರೆ ಪೈನ್ ಮರದ ರಾಳ ಬೆರೆಸಿದಾರೆ ಅಂತ ಲೆಕ್ಕ. ಹಾಲುಮಡ್ಡಿ ಅನ್ನೋ ಇನ್ನೊಂದು ಮರದ ಅಂಟು ನಮ್ಮ ಪಶ್ಚಿಮ ಘಟ್ಟದ್ದೇ, ತೊಗಟೆಗೆ ಕಚ್ಚು ಹಾಕಿದ್ರೆ ಒಸರುತ್ತೆ, ಗಟ್ಟಿ ಪಾಕದ ಥರ ಮೆತ್ತಗೆ. ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣ ನೆಲದ ಗಿಡದ್ದು, ಅಂಟಿಗೋಸ್ಕರ ಗಿಡಾನ ಕೊಯ್ದು ಕೊಯ್ದು ಅದೀಗ ಅಳಿವಿನಂಚಿಗೆ ಬಂದಿದೆ, ನಾನಂತೂ ತರೋದು ಬಿಟ್ಟಿದೀನಿ.

ಸಾಂಬ್ರಾಣೀನ ಮಿಕ್ಸಿಗೆ ಹಾಕ್ಬೇಡಿ, ಬ್ಲೇಡ್ ಬಿಸಿಯಾಗಿ ಅಂಟು ಕರಗಿ ಜಾರಿಗೆ ಮೆತ್ಕೊಂಡ್ರೆ ಆಮೇಲೆ ಅದ್ರಲ್ಲಿ ಚಟ್ನಿ ರುಬ್ಬಂಗಿಲ್ಲ. ಒಂದು ಗಂಟೆ ಫ್ರೀಜರಲ್ಲಿಟ್ಟು ಕುಟ್ಟಾಣೀಲಿ ಕುಟ್ಟಿ, ಪುಡಿಪುಡಿ ಆಗುತ್ತೆ.

ಈಗ ಅಳತೆ, ಎಲ್ಲರೂ ಕೆಡಿಸೋದು ಇಲ್ಲೇ. ಅಂಟು ತಾನಾಗೇ ನಿಂತು ಉರಿಯಲ್ಲ, ಕರಗಿ ಹರಿಯುತ್ತೆ, ಅದನ್ನ ಹೊತ್ತು ಉರಿಯೋದು ಇದ್ದಿಲು. ನಾನು ಮೊದಲ ಸಲ ಆಸೆಗೆ ಅರ್ಧಕ್ಕರ್ಧ ಸಾಂಬ್ರಾಣಿ ಸುರಿದಿದ್ದೆ, ಬತ್ತಿ ಕಾಲಿಂಚು ಉರಿದು ಆರೋಯ್ತು, ದೇವರ ಮನೆ ಕಲ್ಲಿನ ಮೇಲೆ ಟಾರ್ ಥರ ಕಲೆ ಇನ್ನೂ ಇದೆ. ಇದ್ದಿಲು ಪುಡಿ 6 ಚಮಚ, ಜಿಗಟು ಪುಡಿ 2, ಸಾಂಬ್ರಾಣಿ 1, ಅಷ್ಟೇ. ನಮ್ಮಲ್ಲಿ ತೆಂಗಿನ ಚಿಪ್ಪಿಗೇನು ಬರಾನಾ, ಆದ್ರೆ ಚಿಪ್ಪಿನ ಇದ್ದಿಲು ಬೇಗ ಹತ್ತಲ್ಲ, ಬಟ್ಟೇಲಿ ಜರಡಿ ಹಿಡಿದು ಅರ್ಧದಷ್ಟು ಸೌದೆ ಇದ್ದಿಲು ಸೇರಿಸಿ.

ಹಾಲುಮಡ್ಡಿ ಕಡಲೆಕಾಳಿನಷ್ಟು ತಗೊಂಡು ಒಂದು ತೊಟ್ಟು ಜೇನುತುಪ್ಪದಲ್ಲಿ ನಾದಿ ಪುಡಿಗೆ ಬೆರೆಸಿ, ನೀರು ಚಿಮುಕಿಸ್ತಾ ಚಪಾತಿ ಹಿಟ್ಟಿನ ಹದಕ್ಕೆ ತಂದು ಅರ್ಧ ಗಂಟೆ ಮುಚ್ಚಿಡಿ. ಪೆನ್ಸಿಲ್ ದಪ್ಪಕ್ಕಿಂತ ಸಣ್ಣಗೆ ಹೊಸೆದು ನೆರಳಲ್ಲಿ 3 ದಿನ ಒಣಗಿಸಿ. ಬಿಸಿಲಿಗಿಟ್ರೆ ಬಿರುಕು ಬಿಡುತ್ತೆ, ವಾಸನೇನೂ ಹಾರೋಗುತ್ತೆ. ಮಳೆಗಾಲದಲ್ಲಿ ಹಾಲುಮಡ್ಡಿ ತೇವ ಎಳ್ಕೊಳ್ಳುತ್ತೆ, ಮುಚ್ಚಳ ಬಿಗಿ ಇರೋ ಡಬ್ಬಕ್ಕೆ ಹಾಕಿಡಿ. ಹಚ್ಚಿದಾಗ ಒಂದು ಕಿಟಕಿ ತೆಗೆದಿರಲಿ, ಕೂಸಿಗೆ ಸ್ನಾನ ಮಾಡ್ಸಿ ಹೊಗೆ ಹಾಕೋದು ಮಾತ್ರ ಬೇಡ, ಅಜ್ಜಿ ಎಷ್ಟೇ ಒತ್ತಾಯ ಮಾಡ್ಲಿ.