ಎಂಡೋಸ್ಕೋಪಿ: ಯಾವ ಬಯಾಪ್ಸಿ ಬೇಕು, ಯಾವುದು ಬೇಡ

ಎಂಡೋಸ್ಕೋಪಿಯಲ್ಲಿ (ನಳಿಕೆ ಕ್ಯಾಮೆರಾದಿಂದ ಒಳಾಂಗ ನೋಡುವಾಗ) ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ತುಣುಕು ಚಿವುಟಲು, ಫೋರ್ಸೆಪ್ಸ್ ಕೈಗೆ ತೆಗೆದುಕೊಳ್ಳುವ ಮೊದಲು ಕೇಳಿಕೊಳ್ಳಿ: ಈ ವರದಿಯಿಂದ ಚಿಕಿತ್ಸೆಯಲ್ಲಾಗಲಿ ಮುಂದಿನ ತಪಾಸಣೆಯಲ್ಲಾಗಲಿ ಏನಾದರೂ ಬದಲಾಗುವುದೇ? ಇಲ್ಲವಾದರೆ ತೆಗೆಯಬೇಡಿ. ಚಿವುಟಿದ ತುಣುಕು ಸಾಸಿವೆಯಷ್ಟಿದ್ದರೂ ಅದಕ್ಕೆ ಪ್ಲಾಸ್ಟಿಕ್ ಬಾಟಲಿ, ಫಾರ್ಮಲಿನ್, ಕ್ಸೈಲೀನ್, ಪ್ಯಾರಾಫಿನ್, ಸ್ಲೈಡು ಎಲ್ಲವೂ ಬೇಕು. ಬಾಟಲಿ ಹೆಚ್ಚಿದಷ್ಟೂ ಈ ಹೊರೆ ಹೆಚ್ಚುತ್ತದೆ.

ಹೆಚ್ಚು ಉಳಿತಾಯ ಸಾಧ್ಯವಿರುವುದು ಜಠರದಲ್ಲಿ. ಹೆಲಿಕೋಬ್ಯಾಕ್ಟರ್ (ಜಠರದ ಸೋಂಕಿನ ಬ್ಯಾಕ್ಟೀರಿಯಾ) ಇದೆಯೇ ಎಂಬುದಷ್ಟೇ ಪ್ರಶ್ನೆಯಾದರೆ ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಸಾಕು. ಆದರೆ ಅದಕ್ಕೆ ಮುನ್ನ ಆಮ್ಲ ತಗ್ಗಿಸುವ ಪಿಪಿಐ ಮಾತ್ರೆಯನ್ನು 2 ವಾರ, ಆ್ಯಂಟಿಬಯಾಟಿಕ್ ಅನ್ನು 4 ವಾರ ನಿಲ್ಲಿಸಿರಬೇಕು. ಇಲ್ಲದಿದ್ದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಅಟ್ರೋಫಿ (ಪೊರೆ ಸವೆಯುವುದು) ಅಥವಾ ಮೆಟಾಪ್ಲೇಸಿಯಾದ (ಪೊರೆಯ ಕೋಶಗಳು ಬೇರೆ ಬಗೆಗೆ ತಿರುಗುವುದು) ಅನುಮಾನವಿದ್ದರೆ ಆ್ಯಂಟ್ರಮ್‌ನಿಂದ (ಜಠರದ ಕೆಳಭಾಗ) 2, ಇನ್ಸಿಸುರಾದಿಂದ (ಜಠರದ ಒಳಬಾಗಿನ ತಿರುವು) 1, ಬಾಡಿಯಿಂದ (ಜಠರದ ನಡುಭಾಗ) 2 ತುಣುಕು ತೆಗೆಯಿರಿ. ಐದಕ್ಕೆ ಐದು ಬಾಟಲಿ ಬೇಡ: ಆ್ಯಂಟ್ರಮ್, ಇನ್ಸಿಸುರಾ ಒಂದರಲ್ಲಿ, ಬಾಡಿ ಇನ್ನೊಂದರಲ್ಲಿ. ಎಂಡೋಸ್ಕೋಪಿಯಲ್ಲಿ ಕಂಡ ಗಾಯ, ಗಂಟುಗಳ ತುಣುಕು ಮಾತ್ರ ಬೇರೆಯೇ ಇರಲಿ. ಜಠರದ ಹುಣ್ಣಿನಲ್ಲಿ ಜಿಪುಣತನ ಸಲ್ಲದು, ಅದು ಕ್ಯಾನ್ಸರ್ ಆಗಿರಬಹುದು.

ಅನ್ನನಾಳದಲ್ಲಿ ಜಡ್-ಲೈನ್ (ಅನ್ನನಾಳ, ಜಠರದ ಪೊರೆಗಳು ಕೂಡುವ ಗೆರೆ) 1 ಸೆಂ.ಮೀ.ಗಿಂತ ಕಡಿಮೆ ಏರುಪೇರಾಗಿದ್ದು, ಅಲ್ಲಿ ಬೇರೇನೂ ಕಾಣದಿದ್ದರೆ ಮುಟ್ಟಬೇಡಿ. ನುಂಗಲು ಕಷ್ಟ, ಆಹಾರ ಸಿಕ್ಕಿಕೊಳ್ಳುತ್ತದೆ ಎನ್ನುವವರಲ್ಲಿ ಹಾಗಲ್ಲ: ಪೊರೆ ಚೆನ್ನಾಗಿ ಕಂಡರೂ ಬೇರೆ ಬೇರೆ ಎತ್ತರಗಳಿಂದ ಕನಿಷ್ಠ 6 ತುಣುಕು ಬೇಕು. ಇಯೊಸಿನೊಫಿಲಿಕ್ ಉರಿಯೂತ (ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸೇರಿಕೊಳ್ಳುವುದು) ಅಲ್ಲಲ್ಲಿ ಮಾತ್ರ ಇರುವುದರಿಂದ ಒಂದೆರಡರಲ್ಲಿ ತಪ್ಪಿಹೋಗಬಹುದು.

ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಸಣ್ಣಕರುಳನ್ನು ಹಾಳುಮಾಡುವ ರೋಗ) ಅನುಮಾನಕ್ಕೆ ಮೊದಲು ರಕ್ತದಲ್ಲಿ ಟಿಟಿಜಿ-ಐಜಿಎ (ಈ ರೋಗದ ಪ್ರತಿಕಾಯ) ಮತ್ತು ಒಟ್ಟು ಐಜಿಎ ನೋಡಿ. ಪಾಸಿಟಿವ್ ಬಂದ ವಯಸ್ಕರಲ್ಲಿ ಸಣ್ಣಕರುಳಿನ ಮೊದಲ ಭಾಗವಾದ ಡುವೋಡಿನಮ್‌ನ ಬಲ್ಬ್‌ನಿಂದ (ಅದರ ಆರಂಭ) 1-2, ಮುಂದಿನ ಭಾಗದಿಂದ ಕನಿಷ್ಠ 4 ತುಣುಕು. ರೋಗಿ ಆಗಲೇ ಗ್ಲುಟೆನ್ ಬಿಟ್ಟಿದ್ದರೆ ಪೊರೆ ಚೇತರಿಸಿಕೊಂಡು ಬಯಾಪ್ಸಿ ವ್ಯರ್ಥವಾಗಬಹುದು. ಮಕ್ಕಳಲ್ಲಿ ಟಿಟಿಜಿ ಸಹಜ ಮೇಲ್ಮಿತಿಯ 10 ಪಟ್ಟು ಅಥವಾ ಹೆಚ್ಚಿದ್ದು, ಎರಡನೇ ರಕ್ತದ ಮಾದರಿಯಲ್ಲಿ ಇಎಂಎ (ಇದೇ ರೋಗದ ಇನ್ನೊಂದು ಪ್ರತಿಕಾಯ) ಕೂಡ ಪಾಸಿಟಿವ್ ಆದರೆ ಬಯಾಪ್ಸಿಯಿಲ್ಲದೆಯೇ ರೋಗ ಖಚಿತಪಡಿಸಬಹುದು.

ದೊಡ್ಡಕರುಳಿನ ತಪಾಸಣೆಯಲ್ಲಿ ಲಕ್ಷಣಗಳಿಲ್ಲದವರ ಚೆನ್ನಾಗಿರುವ, ಸಣ್ಣಕರುಳಿನ ಕೊನೆಯ ಭಾಗವಾದ ಇಲಿಯಮ್‌ನಿಂದ ತುಣುಕು ಬೇಡ. ತಿಂಗಳುಗಟ್ಟಲೆ ನೀರುಭೇದಿಯಿದ್ದರೆ ಮಾತ್ರ ಪೊರೆ ಸಹಜವಾಗಿ ಕಂಡರೂ ಬಲ, ಎಡ ಎರಡೂ ಬದಿಯಿಂದ ತೆಗೆದು ಎರಡು ಬಾಟಲಿಗೆ ಹಾಕಿ. ಇಂಥ ಭೇದಿಗೆ ಕಾರಣವಾಗಬಹುದಾದ ದೊಡ್ಡಕರುಳಿನ ಉರಿಯೂತ, ಮೈಕ್ರೋಸ್ಕೋಪಿಕ್ ಕೊಲೈಟಿಸ್, ಕಣ್ಣಿಗೆ ಕಾಣುವುದಿಲ್ಲ. ಇಎಂಆರ್‌ನಿಂದ (ಅಡಿಗೆ ದ್ರವ ಚುಚ್ಚಿ ಮೇಲೆತ್ತಿ ಎಂಡೋಸ್ಕೋಪಿಯಲ್ಲೇ ಕತ್ತರಿಸುವುದು) ತೆಗೆಯಬಹುದಾದ ದೊಡ್ಡ ಚಪ್ಪಟೆ ಪಾಲಿಪ್ (ಪೊರೆಯ ಗಂಟು) ಸಿಕ್ಕರೆ ಚಿವುಟಬೇಡಿ, ಫೋಟೋ ತೆಗೆದು ರೋಗಿಯನ್ನು ಅದನ್ನು ಮಾಡುವವರ ಬಳಿ ಕಳಿಸಿ. ಚಿವುಟಿದ ಜಾಗ ಗಟ್ಟಿಯಾಗಿ, ಆಮೇಲೆ ಅಡಿಗೆ ದ್ರವ ಚುಚ್ಚಿದರೂ ಪಾಲಿಪ್ ಮೇಲೇಳದಿರಬಹುದು.

ಲ್ಯಾಬಿನ ಚೀಟಿಯಲ್ಲಿ ಲಕ್ಷಣ, ಕಂಡದ್ದು, ನಿಮ್ಮ ಪ್ರಶ್ನೆ ಮೂರನ್ನೂ ಬರೆಯಿರಿ. ಖಾಲಿ ಚೀಟಿ ಹೋದರೆ ತುಣುಕಿಗೆ ಬಣ್ಣ ಹಚ್ಚುವ ಬೇಡದ ಸ್ಟೇನ್‌ಗಳು ಸೇರಿಕೊಳ್ಳುತ್ತವೆ.