ಸಾಲ ಮಾಡದೆ ಓಣಿ ಫುಟ್‌ಬಾಲ್ ಲೀಗ್ ನಡೆಸಿದ ಲೆಕ್ಕ

ಎಂಟು ತಂಡ, 31 ಮ್ಯಾಚ್, ಮೈದಾನಕ್ಕಿಳಿದ ಪ್ರತಿ ಹುಡುಗನಿಗೂ ಅದೇ ಸಂಜೆ ಮ್ಯಾಚ್ ಫೀ, ಕೊನೆಗೆ ಯಾರ ಬಾಕಿಯೂ ಇಲ್ಲ. "ಕ್ರಿಕೆಟ್ ಬಿಟ್ಟು ಇದಕ್ಕ ಹುಬ್ಬಳ್ಯಾಗ ರೊಕ್ಕ ಯಾರ್ ಕೊಡ್ತಾರ್ರೀ?" ಅಂದವರಲ್ಲಿ ಇಬ್ಬರು ಫೈನಲ್ ಹೊತ್ತಿಗೆ ತಾವೇ ಬಂದು ಬೋರ್ಡ್ ಹಾಕಿಸಿದರು. ಟೂರ್ನಮೆಂಟ್ ನಡೆಸಿ ಕೈ ಸುಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡ್ರಾ ಹಾಕುವುದು, ನೆಟ್ ಕಟ್ಟುವುದು ನಿಮಗೆ ಗೊತ್ತೇ ಇದೆ, ಅದಕ್ಕೆ ಹೋಗುವುದಿಲ್ಲ. ಅಂಕಿಗಳೆಲ್ಲ ನೆನಪಿನವು, ಸ್ವಲ್ಪ ಆಚೀಚೆ ಇರಬಹುದು.

ಬರದ ರೊಕ್ಕವನ್ನು ಮೊದಲೇ ಹಂಚಿಬಿಡುವುದರಿಂದಲೇ ನಮ್ಮ ಕಡೆ ಲೀಗ್‌ಗಳು ಸಾಯುತ್ತವೆ. ಪೋಸ್ಟರ್ ಮೇಲೆ ಮೊದಲ ಬಹುಮಾನ ಒಂದು ಲಕ್ಷ ಅಂತ ಬಿದ್ದ ದಿನವೇ ಬೆಳಗಾವಿ, ಕೊಲ್ಹಾಪುರ, ಗೋವಾಕ್ಕೆ ಫೋನು ಹೋಗುತ್ತದೆ. ಬಾಡಿಗೆ ಆಟಗಾರರು ಬರುತ್ತಾರೆ, ಓಣಿಯ ಹುಡುಗ ಬೆಂಚಿಗೆ ಹೋಗುತ್ತಾನೆ, ಅವನ ಹಿಂದೆ ಬರುತ್ತಿದ್ದ ಅಣ್ಣತಮ್ಮಂದಿರು, ಗೆಳೆಯರು ಮನೆಯಲ್ಲೇ ಉಳಿಯುತ್ತಾರೆ. ಎರಡು ಮ್ಯಾಚ್ ಸೋತ ತಂಡಕ್ಕೆ ಬಹುಮಾನದ ಆಸೆ ಮುಗಿದಿರುತ್ತದೆ, ಮೂರನೆಯದಕ್ಕೆ ವಾಕ್‌ಓವರ್. ಅವತ್ತಿನ ರೆಫರಿ, ಮೈಕು, ಮೈದಾನದ ಬಾಡಿಗೆ ಮಾತ್ರ ನಮ್ಮ ತಲೆ ಮೇಲೆ.

ಹಾಗಾಗಿ ನಗದು ಬಹುಮಾನವನ್ನೇ ತೆಗೆದೆವು. ಗೆದ್ದವರಿಗೆ ಕಪ್, ಪದಕ, ಮುಂದಿನ ಸೀಸನ್ನಿನ ಪ್ರವೇಶ ಶುಲ್ಕ ಮಾಫಿ, ಅಷ್ಟೇ. ಆ ರೊಕ್ಕವನ್ನೆಲ್ಲ ಮ್ಯಾಚ್ ಫೀಗೆ ತಿರುಗಿಸಿದೆವು: ತಲೆಗೆ 300 ರೂಪಾಯಿ, ಒಂದು ತಂಡಕ್ಕೆ ಹೆಚ್ಚೆಂದರೆ 14 ಮಂದಿಗೆ. ಪೇಂಟಿಂಗ್, ಡೆಲಿವರಿ ಕೆಲಸ ಅರ್ಧ ದಿನ ಬಿಟ್ಟು ಬರುವ ಹುಡುಗನಿಗೆ ಇದು ದೊಡ್ಡದಲ್ಲ, ಆದರೆ ಖಾತ್ರಿಯದು. ಮುಖ್ಯ ಸಂಗತಿ, ಇದನ್ನು ತಂಡದ ಮಾಲೀಕ ಕೊಡುವುದಿಲ್ಲ, ಲೀಗ್ ಕೊಡುತ್ತದೆ. ಮಾಲೀಕನ ಕೈಗೆ ಬಿಟ್ಟರೆ ಮೂರನೇ ವಾರಕ್ಕೆ ಅವನ ಫೋನು ಸ್ವಿಚ್ ಆಫ್. ರೆಫರಿ ಸಹಿ ಮಾಡಿದ ಟೀಮ್ ಶೀಟ್ ನೋಡಿ ಅರ್ಧ ಗಂಟೆಯೊಳಗೆ ಯುಪಿಐ ಮಾಡುವುದು. ಬದಲಿಯಾಗಿ ಇಳಿದವನಿಗೂ ಪೂರ್ತಿ ಫೀ, ಕೆಂಪು ಕಾರ್ಡ್ ಆದವನಿಗೆ ಆ ದಿನದ್ದು ಇಲ್ಲ. ಬೈಗುಳ ಕಡಿಮೆಯಾಗಿದ್ದು ಭಾಷಣದಿಂದಲ್ಲ, ಈ 300ರಿಂದ.

ಎರಡನೇ ಕಟ್ಟಳೆ ಓಣಿಯದು. 18 ಜನರ ಪಟ್ಟಿಯಲ್ಲಿ ಹತ್ತು ಮಂದಿ ಅದೇ ಓಣಿಯವರು ಇರಬೇಕು, ಆಧಾರ್ ವಿಳಾಸ ನೋಡಿಯೇ ಸೇರಿಸುವುದು. ಆಟಗಾರರ ಹರಾಜು ನಡೆಸಿ ಅಂತ ಬಹಳ ಒತ್ತಡ ಬಂತು, ಈಗ ಎಲ್ಲ ಕಡೆ ಅದೇ ಹುಚ್ಚು. ಹರಾಜಿನಲ್ಲಿ ಕೂಗಿದ ಅಂಕಿ ಅವತ್ತು ಚಪ್ಪಾಳೆ, ಮರುದಿನ ಸಾಲ. ಒಪ್ಪಲಿಲ್ಲ.

ಪ್ರವೇಶ ಶುಲ್ಕ ತಂಡಕ್ಕೆ 15,000. ಅದರ ಜೊತೆಗೆ 10,000 ಠೇವಣಿ, ಸೀಸನ್ ಮುಗಿದ ಮೇಲೆ ವಾಪಸು. ಒಂದು ವಾಕ್‌ಓವರ್‌ಗೆ 5,000 ಕಟ್, ಅದರಲ್ಲಿ ಅರ್ಧ ಎದುರಾಳಿ ತಂಡಕ್ಕೆ. ಠೇವಣಿಯನ್ನು ಬೇರೆ ಖಾತೆಯಲ್ಲಿಡಿ, ಇಲ್ಲದಿದ್ದರೆ ಖರ್ಚಾಗಿಬಿಡುತ್ತದೆ.

ಟೈಟಲ್ ಸ್ಪಾನ್ಸರ್ ವಿಷಯಕ್ಕೆ ಬರೋಣ. ಇಡೀ ಲೀಗನ್ನು ಒಬ್ಬರೇ ಎತ್ತಿಕೊಳ್ಳುತ್ತೇವೆ ಅಂದಾಗ ಬೇಡ ಅನ್ನುವುದು ಕಷ್ಟ, ಆದರೂ ಬೇಡ ಅನ್ನಿ. ಅರ್ಧ ಮುಂಗಡ ಬರುತ್ತದೆ, ಉಳಿದರ್ಧ ಉದ್ಘಾಟನೆಯ ಫೋಟೋ ಬಿದ್ದ ಮೇಲೆ ಮಾಯ. ಮೇಲಿನ ಹಂತದಲ್ಲೂ ಇದೇ ರೋಗ. ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ ಸುಮಾರು 700 ಕೋಟಿಗೆ 15 ವರ್ಷ ಒಂದೇ ಕಡೆ ಕೊಟ್ಟಿತು. ಅದು ಮುಗಿಯುವ ಹೊತ್ತಿಗೆ, 2025ರ ಜುಲೈನಲ್ಲಿ, ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ ಹೊಸ ಸೀಸನ್ನಿಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ಆಟಗಾರರ ಸಂಬಳ ತಡೆಹಿಡಿಯಿತು. 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು, ಮಹೀಂದ್ರಾ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲು. ಇವೆರಡೂ ಒಂದೇ ಜೇಬಿನ ತಂಡಗಳು, ಜೇಬು ಮುಚ್ಚಿದ ದಿನ ತಂಡವೂ ಮುಚ್ಚಿತು. ನಮ್ಮ ಕಟ್ಟಳೆ ಇಷ್ಟೇ: ಒಟ್ಟು ಖರ್ಚಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಒಬ್ಬರಿಂದ ತೆಗೆದುಕೊಳ್ಳುವುದಿಲ್ಲ.

ಆಮೇಲೆ ರೊಕ್ಕ ಎಲ್ಲಿಂದ? ಜೆರ್ಸಿ ಮೇಲಿನ ಹೆಸರಿಗೆ ತಂಡಕ್ಕೆ 20,000, ಎಂಟಕ್ಕೆ 1.6 ಲಕ್ಷ. ಮೈದಾನದ ಸುತ್ತ ಹತ್ತು ಅಡಿ ಉದ್ದ, ಮೂರಡಿ ಎತ್ತರದ ಬೋರ್ಡ್ 6,000ಕ್ಕೆ ಒಂದು, ಇಪ್ಪತ್ತು ಹೋದವು. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ ನಿಷೇಧ ಇರುವುದರಿಂದ ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿದೆವು, ಕಟ್ಟಿಗೆ ಚೌಕಟ್ಟು ಸೇರಿ ಒಂದಕ್ಕೆ 900 ಬಿತ್ತು. ಪೂರ್ತಿ ರೊಕ್ಕ ಕೈಗೆ ಬರದೆ ಪ್ರಿಂಟ್‌ಗೆ ಕೊಡುವುದಿಲ್ಲ, ಮಾವನಾದರೂ ಸರಿ. ಗಿರಮಿಟ್, ಮಿರ್ಚಿ, ಚಹಾ, ಕಬ್ಬಿನಹಾಲಿನ ಗಾಡಿಗಳಿಂದ ದಿನಕ್ಕೆ 400ರಂತೆ, ಐದು ಗಾಡಿ, ಸೀಸನ್ನಿಗೆ ಮೂವತ್ತು ಸಾವಿರದಷ್ಟು. ದಿನದ ಯಜಮಾನಿಕೆ ಅಂತ ಒಂದನ್ನು ಹುಟ್ಟಿಸಿದೆವು: 5,000 ಕೊಟ್ಟವರ ಹೆಸರು ಅವತ್ತಿನ ಎರಡೂ ಮ್ಯಾಚಿಗೆ ಮೈಕಿನಲ್ಲಿ, ಟಾಸ್ ಅವರ ಕೈಯಲ್ಲಿ, ತಂಡಗಳ ಜೊತೆ ಫೋಟೋ. ಅಂಗಡಿ ಉದ್ಘಾಟನೆ, ಮಗನ ಹುಟ್ಟುಹಬ್ಬ, ಅಪ್ಪನ ಪುಣ್ಯತಿಥಿ, ಯಾವುದಕ್ಕೂ ಆಗುತ್ತದೆ. ಹದಿನಾರು ದಿನಗಳೂ ಮಾರಾಟವಾದವು. ಇದನ್ನು ಯಾರಿಗೆ, ಯಾವ ಹೊತ್ತಿನಲ್ಲಿ ಕೇಳಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಪಾನ್ಸರ್‌ಗಳ ಮುಂದೆ ದೊಡ್ಡ ಮಾತು ಕೆಲಸಕ್ಕೆ ಬರುವುದಿಲ್ಲ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿದ್ದನ್ನು ಹೇಳಿ ನೋಡಿದೆ. "ಹೌದೇನ್ರೀ, ಚಲೋ ಆತು" ಅಂದರು, ಜೇಬಿಗೆ ಕೈ ಹೋಗಲಿಲ್ಲ. ಹುಬ್ಬಳ್ಳಿಯ ಕೇಶ್ವಾಪುರದ ಅಂಗಡಿಯವರಿಗೆ ಕೇಶ್ವಾಪುರದ ಎಷ್ಟು ಮಂದಿ ಸಂಜೆ ಬಂದು ನಿಲ್ಲುತ್ತಾರೆ ಅನ್ನುವುದಷ್ಟೇ ಬೇಕು. ಆ ಎಣಿಕೆ ತೋರಿಸಿ.

ಗೇಟ್ ಟಿಕೆಟ್ ಮಾತ್ರ ಕೈಕೊಟ್ಟಿತು. ನಮ್ಮ ಮೈದಾನಗಳು ನಾಲ್ಕೂ ಕಡೆ ತೆರೆದವು. 20 ರೂಪಾಯಿ ಟಿಕೆಟ್ ಇಟ್ಟು, ಪೆಂಡಾಲಿನ ಪರದೆ ಬಾಡಿಗೆಗೆ ತಂದು ಸುತ್ತ ಕಟ್ಟಿಸಿದರೆ ಪರದೆಯ ಬಾಡಿಗೆಯೂ ಹುಟ್ಟಲಿಲ್ಲ. ಮಂದಿ ಪಕ್ಕದ ಕಟ್ಟಡದ ಮಾಳಿಗೆ ಹತ್ತಿದರು. ಅದನ್ನು ಬಿಟ್ಟು 200 ರೂಪಾಯಿಯ ಸೀಸನ್ ಪಾಸ್ ಮಾಡಿದೆವು. ಪಾಸ್ ಇದ್ದವರಿಗೆ ನೆರಳಿನ ಕಡೆ ಕುರ್ಚಿ, ಪ್ರತಿ ಭಾನುವಾರ ಪಾಸ್ ನಂಬರಿನ ಚೀಟಿ ಎತ್ತಿ ಒಂದು ಜೆರ್ಸಿ. ಸುಮಾರು 400 ಹೋದವು. ಮಂದಿ ನೋಡುವುದಕ್ಕೆ ರೊಕ್ಕ ಕೊಡುವುದಿಲ್ಲ, ಕೂರುವುದಕ್ಕೆ ಕೊಡುತ್ತಾರೆ.

ಖರ್ಚಿನ ಕಡೆ ಒಂದು ದಿನಕ್ಕೆ, ಅಂದರೆ ಎರಡು ಮ್ಯಾಚಿಗೆ, ಹದಿನಾಲ್ಕೂವರೆ ಸಾವಿರದ ಆಸುಪಾಸು. ಮೈದಾನಕ್ಕೆ 3,000. ರೆಫರಿ, ಇಬ್ಬರು ಲೈನ್ಸ್‌ಮನ್ ಸೇರಿ ಮ್ಯಾಚಿಗೆ 2,000, ಮೇಲೆ ಪೆಟ್ರೋಲಿಗೆ 500. ಇವರಿಗೆ ಒಂದು ದಿನವೂ ಬಾಕಿ ಇಡಬೇಡಿ. ಒಮ್ಮೆ ಬಾಕಿ ಉಳಿಸಿದರೆ ಮುಂದಿನ ವಾರ ಬೇರೆ ಟೂರ್ನಮೆಂಟಿನಲ್ಲಿ ಸೀಟಿ ಊದುತ್ತಿರುತ್ತಾರೆ. ಆಂಬುಲೆನ್ಸ್ ಅರ್ಧ ದಿನಕ್ಕೆ 2,000. ಒಂದು ಆಸ್ಪತ್ರೆಯ ಜೊತೆ ಬೋರ್ಡ್‌ಗೆ ಬದಲಿ ಮಾಡಿಕೊಂಡು ಕೆಲವು ದಿನ ಉಳಿಸಿದೆವು. ಆಂಬುಲೆನ್ಸ್ ಬರದೆ ಕಿಕ್‌ಆಫ್ ಇಲ್ಲ. ಉಳಿದದ್ದು ಮೈಕು, ಮೊಬೈಲ್ ಸ್ಟ್ಯಾಂಡಿನಲ್ಲಿ ಯೂಟ್ಯೂಬ್‌ಗೆ ಬಿಡುವ ಹುಡುಗ, ನೀರಿನ ಕ್ಯಾನು, ಸುಣ್ಣದ ಗೆರೆ, ಟ್ಯಾಂಕರ್.

ಮೈದಾನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ರೊಕ್ಕ ಸೋರುವುದು ಅಲ್ಲೇ. ಎರೆ ಮಣ್ಣಿನ ಮೈದಾನ ಡಿಸೆಂಬರ್ ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ, ಹುಡುಗರ ಪಾದ ತಿರುಚುವುದು ಅಲ್ಲೇ. ಮೊದಲ ಮ್ಯಾಚಿಗೆ ಹತ್ತು ದಿನ ಮುಂಚೆ ಬಿರುಕಿಗೆ ಸಣ್ಣ ಗರಸು, ಅಂದರೆ ಕಲ್ಲು ಬೆರೆತ ಮಣ್ಣು, ತುಂಬಿಸಿ, ನೀರು ಹೊಡೆದು, ರೋಲರ್ ಎಳೆಸಬೇಕು. ಒಣ ಗರಸು ತುಂಬಿ ಬಿಟ್ಟರೆ ಎರಡೇ ದಿನಕ್ಕೆ ಹೊರಗೆ ಬರುತ್ತದೆ, ಕಲ್ಲು ಮೇಲೆ ಉಳಿಯುತ್ತದೆ. ಗರಸಿನ ಮೈದಾನವಾದರೆ ಶುಕ್ರವಾರ ಸಂಜೆ 5,000 ಲೀಟರಿನ ಟ್ಯಾಂಕರ್ ಒಂದು, ಪೈಪಿಗೆ ತೂತಿನ ಮುಚ್ಚಳ ಹಾಕಿ, ಗೋಲಿನ ಮುಂದೆ ಮತ್ತು ನಡುವೃತ್ತದಲ್ಲಿ ಹೆಚ್ಚು. ಬೆಳಿಗ್ಗೆ ಹೊಡೆದ ನೀರು ಎರಡು ಗಂಟೆಯ ಬಿಸಿಲಿಗೆ ಆರಿ ಮತ್ತೆ ಧೂಳೇ. ಎರೆ ಮಣ್ಣಿಗೆ ಹಿಂದಿನ ಸಂಜೆಯೂ ಬೇಡ, ಎರಡು ದಿನ ಮುಂಚೆಯೇ ಹೊಡೆಯಿರಿ, ಇಲ್ಲದಿದ್ದರೆ ಬೂಟಿಗೆ ಅಂಟಿ ಆಟವೇ ಆಗುವುದಿಲ್ಲ.

ಗೆರೆಗೆ ಸುಟ್ಟ ಸುಣ್ಣ ಹಾಕುವುದನ್ನು ಇನ್ನಾದರೂ ನಿಲ್ಲಿಸಿ. ಬೆವರಿಗೆ, ಕಣ್ಣಿಗೆ ತಾಗಿದರೆ ಸುಡುತ್ತದೆ, ಜಾರಿ ಬಿದ್ದವನ ತೊಡೆ ನೋಡಿದರೆ ಗೊತ್ತಾಗುತ್ತದೆ. ಬಿಳಿ ರಂಗೋಲಿ ಪುಡಿ, ಅಂದರೆ ಕಲ್ಲಿನ ಹಿಟ್ಟು, ಚೀಲದ ಲೆಕ್ಕದಲ್ಲಿ ತೆಗೆದುಕೊಂಡರೆ ಅಗ್ಗ. 100 ಮೀಟರ್ ಉದ್ದ, 60 ಅಗಲದ ಮೈದಾನಕ್ಕೆ ಪೆನಾಲ್ಟಿ ಬಾಕ್ಸ್, ವೃತ್ತ ಎಲ್ಲ ಸೇರಿ 680 ಮೀಟರಿನಷ್ಟು ಗೆರೆ ಬರುತ್ತದೆ. ಮೊದಲ ಸಲ 50 ಕಿಲೋದ ಒಂದು ಚೀಲ, ಆಮೇಲೆ ತಿದ್ದುವುದಕ್ಕೆ ದಿನಕ್ಕೆ ಅರ್ಧ ಚೀಲ.

ಚೆಂಡು: ಕೈಹೊಲಿಗೆಯ ದುಬಾರಿ ಚೆಂಡು ಗರಸಿನ ಮೇಲೆ ಮೂರ್ನಾಲ್ಕು ಮ್ಯಾಚಿಗೆ ಮೇಲುಚರ್ಮ ಬಿಡುತ್ತದೆ. ಹೊಲಿಗೆಯಿಲ್ಲದ ಅಚ್ಚಿನ ಚೆಂಡು ಅರ್ಧ ಬೆಲೆಗೆ ಸಿಗುತ್ತದೆ, ಎರಡರಷ್ಟು ಬಾಳುತ್ತದೆ. ನಿಯಮದಲ್ಲಿ ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ತನಕ ಇರಬಹುದು. ನಮ್ಮ ಗಟ್ಟಿ ನೆಲಕ್ಕೆ ಒಂಬತ್ತರ ಹತ್ತಿರ ಇಡಿ, ಹನ್ನೆರಡು ತುಂಬಿದರೆ ಪುಟಿದು ಪಕ್ಕದ ಓಣಿಗೇ ಹೋಗುತ್ತದೆ.

ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯ ತನಕ ಎಂಟು ವಾರ, ಶನಿವಾರ ಭಾನುವಾರ ಮಾತ್ರ. ಅದಕ್ಕಿಂತ ಮುಂಚೆ ನೆಲ ಹಸಿ, ಆಮೇಲೆ ಪಿಯುಸಿ ಪರೀಕ್ಷೆ, ಹೋಳಿ, ರಂಗಪಂಚಮಿ, ಐಪಿಎಲ್. ಅರ್ಧಕ್ಕೆ 35 ನಿಮಿಷದಂತೆ ಮೊದಲ ಮ್ಯಾಚ್ ಪೌಣೆ ಮೂರಕ್ಕೆ (2.45), ಎರಡನೆಯದು ನಾಲ್ಕೂ ಇಪ್ಪತ್ತಕ್ಕೆ. ಆರರೊಳಗೆ ಎಲ್ಲ ಮುಗಿಯಬೇಕು. ಹೊನಲು ಬೆಳಕು ಹಾಕಿಯೂ ನೋಡಿದ್ದಾಯಿತು, ಜನರೇಟರ್ ಸೇರಿ ರಾತ್ರಿಗೆ ಇಪ್ಪತ್ತು ಸಾವಿರ. ಇಬ್ಬನಿಗೆ ಚೆಂಡು ಸೋಪಿನಂತಾಯಿತು, ಮಂದಿ ಎಂಟಕ್ಕೆ ಊಟಕ್ಕೆ ಎದ್ದರು. ಅದೇ ರೊಕ್ಕದಲ್ಲಿ ಹಗಲಿನ ಒಂದು ದಿನ ಪೂರ್ತಿ ನಡೆದು ಇನ್ನೂ ಉಳಿಯುತ್ತದೆ. ಫೈನಲ್‌ಗೆ ಮೊದಲು ಹುಡುಗಿಯರ ಒಂದು ಪ್ರದರ್ಶನ ಮ್ಯಾಚ್ ಇಟ್ಟಿದ್ದು ಮಾತ್ರ ಚಲೋ ಆಯಿತು. ಸೆಮಿಫೈನಲ್‌ಗಿಂತ ಹೆಚ್ಚು ಮಂದಿ, ಅದರಲ್ಲೂ ಮನೆಮಂದಿ. ಮುಂದಿನ ಸಲ ನಾಲ್ಕು ತಂಡ ಮಾಡುವ ಯೋಚನೆ ಇದೆ.

ಎಲ್ಲ ಕೂಡಿಸಿದರೆ: ದಿನದ ಖರ್ಚು 2.3 ಲಕ್ಷ, ಮ್ಯಾಚ್ ಫೀ 2.6, ಜೆರ್ಸಿ 50 ಸಾವಿರ, ಅಪಘಾತ ವಿಮೆ 28, ಬೋರ್ಡ್‌ಗೆ 18. ಬಂದದ್ದು 5.9 ಲಕ್ಷದ ಹತ್ತಿರ, ಕೈಯಲ್ಲಿ ಉಳಿದದ್ದು ಹತ್ತು ಸಾವಿರದೊಳಗೆ. ಲಾಭ ಅಂತ ಹೇಳಿಕೊಳ್ಳುವಂಥದ್ದಲ್ಲ, ಆದರೆ ಚೆಂಡು, ನೆಟ್, ಬೋರ್ಡಿನ ಚೌಕಟ್ಟು ಮುಂದಿನ ಸಲಕ್ಕೆ ಇವೆ.

ಕಾಗದಪತ್ರದಲ್ಲಿ ಎರಡು ಮಾತು. ಏಳು ಮಂದಿ ಸೇರಿ ಸಂಘ ನೋಂದಣಿ ಮಾಡಿಸಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿರಲಿ. ಸ್ವಂತ ಖಾತೆಗೆ ರೊಕ್ಕ ಹಾಕಿಸಿಕೊಂಡರೆ ಅಲ್ಲಿಂದಲೇ ಜಗಳ. ಆಮೇಲೆ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅನುಮತಿ: ಎಐಎಫ್‌ಎಫ್‌ನಲ್ಲಿ ನೋಂದಾಯಿತ ಹುಡುಗ ಅನುಮತಿಯಿಲ್ಲದ ಟೂರ್ನಮೆಂಟಿನಲ್ಲಿ ಆಡಿದರೆ ಪೆಟ್ಟು ಅವನಿಗೆ. ಫಿಫಾ ನಿಯಮದಲ್ಲಿ ಲಿಖಿತ ಕರಾರು ಇದ್ದು, ಖರ್ಚಿಗಿಂತ ಹೆಚ್ಚು ಪಡೆಯುವವನೇ ವೃತ್ತಿಪರ. ನಮ್ಮ 300ಕ್ಕೆ ಕರಾರು ಇಲ್ಲ, ವೋಚರಿನಲ್ಲಿ ಪ್ರಯಾಣ ಮತ್ತು ಊಟದ ವೆಚ್ಚ ಅಂತಲೇ ಬರೆಯುತ್ತೇವೆ.

ಮುಂದಿನ ಹೆಜ್ಜೆ ಗದಗ, ಹಾವೇರಿಯಿಂದ ಒಂದೊಂದು ತಂಡ. ಹತ್ತು ತಂಡವಾದರೆ ಲೀಗ್ ಹಂತದಲ್ಲೇ 45 ಮ್ಯಾಚ್, ಎಂಟು ವಾರಕ್ಕೆ ಹಿಡಿಸುವುದಿಲ್ಲ. ಐದೈದರ ಎರಡು ಗುಂಪು ಮಾಡಿದರೆ ಇಪ್ಪತ್ತಕ್ಕೇ ಮುಗಿಯುತ್ತದೆ, ಆದರೆ ತಂಡಕ್ಕೆ ಬರೀ ನಾಲ್ಕು ಮ್ಯಾಚ್, ಜೆರ್ಸಿಗೆ 20,000 ಕೊಟ್ಟವರು ಒಪ್ಪುವುದಿಲ್ಲ. ಹಾಗಾಗಿ ಗುಂಪಿನೊಳಗೆ ಎರಡೆರಡು ಸಲ ಆಡಿಸಿ ನಲವತ್ತಕ್ಕೆ ತರುವುದು, ಆರು ಭಾನುವಾರ ಬೆಳಿಗ್ಗೆಯೂ ಎರಡೆರಡು ಮ್ಯಾಚ್ ಇಡುವುದು. ಟೆಂಪೋ ಟ್ರಾವೆಲರ್ ಒಂದು ಸಲಕ್ಕೆ ಐದು ಸಾವಿರ ಕೇಳುತ್ತಾರೆ, ಅದು ಆಗದ ಮಾತು. ಎರಡೂ ಊರು ರೈಲಿನ ದಾರಿಯಲ್ಲೇ ಇವೆ, ಪ್ಯಾಸೆಂಜರ್‌ನಲ್ಲಿ ಇಡೀ ತಂಡ ಬಂದುಹೋದರೂ ಅದರ ಕಾಲು ಭಾಗ ಬೀಳುವುದಿಲ್ಲ. ತೊಡಕು ಇರುವುದು ಸಂಜೆಯ ವಾಪಸು ಗಾಡಿಯದು. ಅದಕ್ಕೇ ಹೊರಗಿನ ತಂಡಕ್ಕೆ ಯಾವಾಗಲೂ ಪೌಣೆ ಮೂರರ ಮ್ಯಾಚೇ ಕೊಡುವುದು ಅಂತ ಡ್ರಾದಲ್ಲೇ ಬರೆದಿಟ್ಟಿದ್ದೇವೆ.